ಸರ್ ಎಡ್ವಿನ್ ಲುಟ್ಯೆನ್ಸ್: ಜೀವನ ಮತ್ತು ಕಾರ್ಯ

ನವದೆಹಲಿಯ ರಾಷ್ಟ್ರಪತಿ ಭವನವನ್ನು ವಿನ್ಯಾಸಗೊಳಿಸಿದ ಬ್ರಿಟಿಷ್ ವಾಸ್ತುಶಿಲ್ಪಿ ಸರ್ ಎಡ್ವಿನ್ ಲ್ಯಾಂಡ್‌ಸೀರ್ ಲುಟ್ಯೆನ್ಸ್ ಅವರು 1869ನೇ ಇಸವಿಯ ಮಾರ್ಚ್ 29ರಂದು ಲಂಡನ್ ನಗರದಲ್ಲಿ ಜನಿಸಿದರು. ತಂದೆ ಚಾರ್ಲ್ಸ್ ಲುಟ್ಯೆನ್ಸ್ ಅವರು ಸೇನಾಧಿಕಾರಿಯಾಗಿದ್ದು, ತರುವಾಯ ಚಿತ್ರಕಲೆಯನ್ನು ವೃತ್ತಿಯಾಗಿ ಸ್ವೀಕರಿಸಿದವರು. ತಾಯಿ ಮೇರಿ ಅವರು ಐರ್ಲೆಂಡ್ ಮೂಲದವರು. ತಂದೆಯ ಸ್ನೇಹಿತರಾಗಿದ್ದ ಪ್ರಸಿದ್ಧ ಚಿತ್ರಕಾರ ಎಡ್ವಿನ್ ಲ್ಯಾಂಡ್‌ಸೀರ್ ಅವರ ಹೆಸರನ್ನೇ ಮಗುವಿಗೆ ಇಡಲಾಯಿತು.

ಬಾಲ್ಯದಲ್ಲಿ ಸಂಧಿವಾತ ಜ್ವರದಿಂದ ನರಳಿದ ಕಾರಣ ಇವರಿಗೆ ಕ್ರಮಬದ್ಧವಾದ ಶಾಲಾ ಶಿಕ್ಷಣ ದೊರೆಯಲಿಲ್ಲ. ಸರ್ರೆ ಪ್ರಾಂತದ ಥರ್ಸ್ಲಿ ಗ್ರಾಮದ ಸುತ್ತಮುತ್ತ ಅಲೆದಾಡುತ್ತಾ, ಹಳೆಯ ಮನೆಗಳನ್ನೂ ಬಡಗಿಗಳ ಕೆಲಸವನ್ನೂ ನೋಡುತ್ತಾ ಬೆಳೆದರು. ಗಾಜಿನ ಹಲಗೆಯೊಂದನ್ನು ಕಣ್ಣಮುಂದೆ ಹಿಡಿದು, ಅದರಾಚೆ ಕಾಣುವ ಕಟ್ಟಡದ ಗೆರೆಗಳನ್ನು ಚೂಪು ಮಾಡಿದ ಸಾಬೂನಿನ ತುಂಡಿನಿಂದ ಗಾಜಿನ ಮೇಲೆಯೇ ಗುರುತಿಸುವುದು ಇವರು ತಾವಾಗಿ ಕಂಡುಕೊಂಡ ಅಭ್ಯಾಸ. ಕಟ್ಟಡವು ನೋಡುವವನ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬ ಪ್ರಶ್ನೆ ಅಂದಿನಿಂದಲೇ ಇವರನ್ನು ಹಿಡಿದಿತ್ತು. ಮುಂದೆ ಇವರ ಜೀವನದ ದೊಡ್ಡ ಕೊರಗಿಗೂ ಇದೇ ಪ್ರಶ್ನೆ ಕಾರಣವಾಯಿತು.

1885ರಲ್ಲಿ ದಕ್ಷಿಣ ಕೆನ್ಸಿಂಗ್ಟನ್ನಿನ ಕಲಾಶಾಲೆಯನ್ನು ಸೇರಿದ ಇವರು ಎರಡು ವರ್ಷಗಳ ಬಳಿಕ ಅರ್ನೆಸ್ಟ್ ಜಾರ್ಜ್ ಮತ್ತು ಹೆರಾಲ್ಡ್ ಪೀಟೋ ಅವರ ವಾಸ್ತುಶಿಲ್ಪ ಕಚೇರಿಯಲ್ಲಿ ಅಭ್ಯಾಸಿಯಾಗಿ ಸೇರಿದರು. ಹರ್ಬರ್ಟ್ ಬೇಕರ್ ಅವರ ಪರಿಚಯವಾದದ್ದು ಅಲ್ಲಿಯೇ. ಇಪ್ಪತ್ತನೆಯ ವಯಸ್ಸಿನ ಆಸುಪಾಸಿನಲ್ಲಿ ಸ್ವಂತ ಕಚೇರಿಯನ್ನು ತೆರೆದರು. 1889ರಲ್ಲಿ ಉದ್ಯಾನ ಕಲೆಯಲ್ಲಿ ಪರಿಣತರಾಗಿದ್ದ ಗರ್ಟ್ರೂಡ್ ಜೀಕಿಲ್ ಅವರ ಪರಿಚಯವಾಯಿತು. ಮನೆಯನ್ನು ಲುಟ್ಯೆನ್ಸ್ ಅವರೂ ಅದರ ಉದ್ಯಾನವನ್ನು ಜೀಕಿಲ್ ಅವರೂ ರೂಪಿಸಿದ ಅನೇಕ ನಿವಾಸಗಳು ಮುಂದಿನ ವರ್ಷಗಳಲ್ಲಿ ಇಂಗ್ಲೆಂಡಿನ ಗ್ರಾಮಾಂತರದಲ್ಲಿ ನಿರ್ಮಾಣಗೊಂಡವು. ಜೀಕಿಲ್ ಅವರ ಸ್ವಂತ ನಿವಾಸ ಮನ್‌ಸ್ಟೆಡ್ ವುಡ್ ಮತ್ತು ಸೋನಿಂಗ್ ಗ್ರಾಮದ ಡೀನರಿ ಗಾರ್ಡನ್ ಇವುಗಳಲ್ಲಿ ಪ್ರಮುಖವಾದವು. ಸ್ಥಳೀಯ ಕಲ್ಲು, ಇಟ್ಟಿಗೆ ಹಾಗೂ ಓಕ್ ಮರವನ್ನು ಬಳಸಿ ಕಟ್ಟಿದ ಈ ಮನೆಗಳು ಇವರಿಗೆ ಅಪಾರ ಕೀರ್ತಿಯನ್ನು ತಂದವು.

1897ರ ಆಗಸ್ಟ್ 4ರಂದು ಲೇಡಿ ಎಮಿಲಿ ಬುಲ್ವರ್-ಲಿಟನ್ ಅವರೊಂದಿಗೆ ಇವರ ವಿವಾಹ ನೆರವೇರಿತು. ಎಮಿಲಿ ಅವರು 1876ರಿಂದ 1880ರವರೆಗೆ ಭಾರತದ ವೈಸರಾಯ್ ಆಗಿದ್ದ ಲಾರ್ಡ್ ಲಿಟನ್ ಅವರ ಪುತ್ರಿ. ದಂಪತಿಗಳಿಗೆ ಐವರು ಮಕ್ಕಳು. ಎಮಿಲಿ ಅವರು ಕಾಲಕ್ರಮದಲ್ಲಿ ಥಿಯಾಸಫಿಕಲ್ ಸೊಸೈಟಿಯನ್ನು ಸೇರಿ, ಬಾಲಕ ಜಿಡ್ಡು ಕೃಷ್ಣಮೂರ್ತಿ ಅವರನ್ನು ತಾಯಿಯಂತೆ ನೋಡಿಕೊಂಡರು. ಪುತ್ರಿ ಮೇರಿ ಮುಂದೆ ಕೃಷ್ಣಮೂರ್ತಿಯವರ ಜೀವನಚರಿತ್ರೆಯನ್ನು ರಚಿಸಿದರು. ಪತಿಯು ವೈಸರಾಯರಿಗಾಗಿ ಅರಮನೆಯನ್ನು ಕಟ್ಟಿಸುತ್ತಿದ್ದ ವರ್ಷಗಳಲ್ಲಿಯೇ ಪತ್ನಿಯು ಭಾರತದ ಹೋಂ ರೂಲ್ ಬೇಡಿಕೆಯ ಪರವಾಗಿ ನಿಂತಿದ್ದರೆಂಬುದು ಈ ಕುಟುಂಬದ ಒಂದು ವೈಚಿತ್ರ್ಯ.

1911ರ ಡಿಸೆಂಬರ್ 12ರಂದು ದೆಹಲಿ ದರ್ಬಾರಿನಲ್ಲಿ ಐದನೆಯ ಜಾರ್ಜ್ ದೊರೆಯು ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ಸ್ಥಳಾಂತರಿಸುವುದಾಗಿ ಘೋಷಿಸಿದರು. ನೂತನ ನಗರದ ಸ್ಥಳವನ್ನೂ ಯೋಜನೆಯನ್ನೂ ಸೂಚಿಸಲು 1912ರಲ್ಲಿ ರಚಿತವಾದ ಸಮಿತಿಯಲ್ಲಿ ಜಾರ್ಜ್ ಸ್ವಿಂಟನ್, ಜಾನ್ ಬ್ರಾಡಿ ಅವರೊಂದಿಗೆ ಲುಟ್ಯೆನ್ಸ್ ಅವರೂ ಸದಸ್ಯರಾಗಿದ್ದರು. ರೈಸಿನಾ ಗುಡ್ಡವನ್ನು ಆಯ್ಕೆ ಮಾಡಲಾಯಿತು. 1894ರ ಭೂಸ್ವಾಧೀನ ಕಾಯಿದೆಯನ್ವಯ ರೈಸಿನಾ, ಮಾಲ್ಚಾ ಮೊದಲಾದ ಗ್ರಾಮಗಳ ಜಮೀನನ್ನು ವಶಪಡಿಸಿಕೊಂಡು, ಅಲ್ಲಿನ ಕುಟುಂಬಗಳನ್ನು ತೆರವುಗೊಳಿಸಲಾಯಿತು. ವೈಸರಾಯ್ ನಿವಾಸದ ಹೊಣೆಯನ್ನು ಲುಟ್ಯೆನ್ಸ್ ಅವರಿಗೂ, ಅದರ ಮುಂದಿನ ಎರಡು ಸಚಿವಾಲಯ ಕಟ್ಟಡಗಳ ಹೊಣೆಯನ್ನು ಹರ್ಬರ್ಟ್ ಬೇಕರ್ ಅವರಿಗೂ ವಹಿಸಲಾಯಿತು. ಬೇಕರ್ ಅವರನ್ನು ಜೊತೆಗೆ ಕರೆತರಲು ಉತ್ಸುಕರಾಗಿದ್ದವರು ಸ್ವತಃ ಲುಟ್ಯೆನ್ಸ್.

ಮೊದಲ ಆಲೋಚನೆಯಂತೆ ವೈಸರಾಯ್ ನಿವಾಸವೊಂದೇ ಗುಡ್ಡದ ನೆತ್ತಿಯ ಮೇಲಿದ್ದು, ಸಚಿವಾಲಯಗಳು ಕೆಳಗಿನ ಮಟ್ಟದಲ್ಲಿ ಇರಬೇಕಾಗಿತ್ತು. ಆಡಳಿತದ ಕಚೇರಿಗಳೂ ಅದೇ ಎತ್ತರದಲ್ಲಿರುವುದು ಸೂಕ್ತವೆಂದು ಬೇಕರ್ ಅವರು ಪ್ರತಿಪಾದಿಸಿದರು. ಲುಟ್ಯೆನ್ಸ್ ಅವರು ಇದಕ್ಕೆ ಸಮ್ಮತಿಸಿದರು. ಇದರ ಪರಿಣಾಮವಾಗಿ ನಿವಾಸವು ಸುಮಾರು 400 ಗಜ ಹಿಂದಕ್ಕೆ ಸರಿಯಿತು. ಎರಡು ಸಚಿವಾಲಯಗಳ ನಡುವೆ ಏರಿಹೋಗುವ ರಸ್ತೆಯ ಇಳಿಜಾರಿನ ಪ್ರಮಾಣವನ್ನು ತೋರಿಸುವ ನಕ್ಷೆಗೂ ಇವರು ಒಪ್ಪಿಗೆ ನೀಡಿದರು.

ಆ ಇಳಿಜಾರಿನಿಂದ ಏನಾಗುವುದೆಂಬುದು ಇವರಿಗೆ 1916ರ ವೇಳೆಗೆ ಸ್ಪಷ್ಟವಾಗಿ ಮನವರಿಕೆಯಾಯಿತು. ಪೂರ್ವದ ಕಡೆಯಿಂದ ರಾಜಬೀದಿಯಲ್ಲಿ ನಡೆದು ಬರುವವರಿಗೆ ದೂರದಲ್ಲಿ ಕಾಣುವ ಭವನವು, ಗುಡ್ಡವನ್ನು ಸಮೀಪಿಸಿದಂತೆಲ್ಲ ರಸ್ತೆಯ ಏರಿನ ಹಿಂದೆ ಮರೆಯಾಗುತ್ತದೆ. ಗುಮ್ಮಟ ಮಾತ್ರ ಕಣ್ಣಿಗೆ ಉಳಿಯುತ್ತದೆ. ಏರನ್ನು ದಾಟಿದ ಮೇಲೆಯೇ ಭವನದ ಪೂರ್ಣರೂಪವು ಮರಳಿ ಗೋಚರಿಸುತ್ತದೆ. ನೆಲವನ್ನು ಇನ್ನಷ್ಟು ಕಡಿದು, ಏರನ್ನು ಹೆಚ್ಚು ಉದ್ದಕ್ಕೆ ಹರಡಿ ಹಗುರಗೊಳಿಸಬೇಕೆಂದು ಇವರು ಪಟ್ಟುಹಿಡಿದರು. ಸಮಿತಿಯ ಮುಂದೆಯೂ ವೈಸರಾಯರ ಮುಂದೆಯೂ ವಾದಿಸಿದರು. ಇವರ ಒಪ್ಪಿಗೆಯು ದಾಖಲೆಯಲ್ಲಿತ್ತು, ಬದಲಾವಣೆಗೆ ತಗಲುವ ವೆಚ್ಚವೂ ಅಧಿಕವಾಗಿತ್ತು. ಮನವಿಯು ಪುರಸ್ಕೃತವಾಗಲಿಲ್ಲ. ಮೂವತ್ತು ವರ್ಷಗಳಷ್ಟು ಹಳೆಯದಾಗಿದ್ದ ಬೇಕರ್ ಅವರೊಂದಿಗಿನ ಸ್ನೇಹವು ಈ ವಿವಾದದಲ್ಲಿ ಮುರಿದುಬಿತ್ತು. ಬೇಕರ್ ಅವರ ವಾದವೂ ತಳ್ಳಿಹಾಕುವಂಥದ್ದಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು.

ಭಾರತೀಯ ವಾಸ್ತುಶಿಲ್ಪದ ಬಗ್ಗೆ ಲುಟ್ಯೆನ್ಸ್ ಅವರಿಗೆ ಆರಂಭದಲ್ಲಿ ಗೌರವವಿರಲಿಲ್ಲ. ಪತ್ನಿಗೆ ಬರೆದ ಪತ್ರಗಳಲ್ಲಿ ತಾತ್ಸಾರವೇ ಹೆಚ್ಚಾಗಿ ಕಂಡುಬರುತ್ತದೆ. ಕಟ್ಟಡಗಳಲ್ಲಿ ಭಾರತೀಯ ಲಕ್ಷಣಗಳು ಇರಲೇಬೇಕೆಂದು ಆಗ್ರಹಿಸಿದವರು ವೈಸರಾಯ್ ಲಾರ್ಡ್ ಹಾರ್ಡಿಂಜ್. ಆದರೂ ಕೆಲಸವು ಮುಂದುವರಿದಂತೆ ಈ ನೆಲದ ಬಿಸಿಲು ಮಳೆಗಳು ಇವರಿಗೆ ಪಾಠ ಕಲಿಸಿದವು. ಗೋಡೆಗೆ ನೆರಳು ನೀಡುವ ಆಳವಾದ ಛಜ್ಜಾ, ಗಾಳಿಯಾಡುವ ಜಾಲಿ, ಛತ್ರಿ, ಸಾಂಚಿ ಸ್ತೂಪವನ್ನು ನೆನಪಿಸುವ ಗುಮ್ಮಟ ಇವೆಲ್ಲವೂ ಭವನದಲ್ಲಿ ಸೇರಿಕೊಂಡವು. ಕಂಬಗಳ ಬೋದಿಗೆಗಳ ಮೂಲೆಗಳಲ್ಲಿ ಕೆತ್ತಿರುವ ಕಲ್ಲಿನ ಗಂಟೆಗಳಿಗೆ ದಕ್ಷಿಣ ಕನ್ನಡ ಜಿಲ್ಲೆಯ ಮೂಡುಬಿದಿರೆಯ ಜೈನ ಬಸದಿಯೇ ಪ್ರೇರಣೆಯೆಂದು ಹೇಳಲಾಗುತ್ತದೆ. ಸಾವಿರಾರು ಕಾರ್ಮಿಕರು ಹಾಗೂ ಕಲ್ಲುಕುಟಿಗರು ದುಡಿದ ಈ 340 ಕೊಠಡಿಗಳ ಭವನವು 1929ರಲ್ಲಿ ಪೂರ್ಣಗೊಂಡಿತು. 1931ರ ಫೆಬ್ರವರಿಯಲ್ಲಿ ನವದೆಹಲಿಯ ಉದ್ಘಾಟನೆ ನೆರವೇರಿತು. ಇಂಡಿಯಾ ಗೇಟ್, ಹೈದರಾಬಾದ್ ಹೌಸ್ ಹಾಗೂ ರಾಷ್ಟ್ರೀಯ ಪತ್ರಾಗಾರದ ಕಟ್ಟಡವೂ ಇವರ ವಿನ್ಯಾಸಗಳೇ ಆಗಿವೆ. ಲುಟ್ಯೆನ್ಸ್ ದೆಹಲಿ ಎಂದು ಕರೆಯಲ್ಪಡುವ ಪ್ರದೇಶದ ಬಂಗಲೆಗಳನ್ನೆಲ್ಲ ಇವರೇ ರಚಿಸಿದರೆಂಬ ಭಾವನೆ ವ್ಯಾಪಕವಾಗಿದೆ. ವಾಸ್ತವವಾಗಿ ಅವುಗಳಲ್ಲಿ ಬಹುಪಾಲು ರಾಬರ್ಟ್ ಟಾರ್ ರಸೆಲ್ ಮೊದಲಾದ ಇತರ ವಾಸ್ತುಶಿಲ್ಪಿಗಳ ಕೃತಿಗಳು.

ಪ್ರಥಮ ಮಹಾಯುದ್ಧವು ದೆಹಲಿಯ ಕೆಲಸವನ್ನು ಕುಂಠಿತಗೊಳಿಸಿತು. 1917ರಲ್ಲಿ ಇವರು ಫ್ರಾನ್ಸಿನ ಯುದ್ಧಭೂಮಿಗೆ ಭೇಟಿ ನೀಡಿ, ಮಡಿದ ಸೈನಿಕರ ಸಮಾಧಿ ಸ್ಥಳಗಳ ವಿನ್ಯಾಸದಲ್ಲಿ ತೊಡಗಿದರು. ಹಿಂದೂ, ಮುಸ್ಲಿಂ, ಸಿಖ್, ಕ್ರೈಸ್ತ, ಯಹೂದಿ ಹೀಗೆ ಎಲ್ಲ ಧರ್ಮದವರೂ ಆ ಯುದ್ಧದಲ್ಲಿ ಪ್ರಾಣತೆತ್ತಿದ್ದರು. ಆದುದರಿಂದ ಯಾವ ಧರ್ಮದ ಚಿಹ್ನೆಯೂ ಇಲ್ಲದ, ಸುಮಾರು 12 ಅಡಿ ಉದ್ದದ ಒಂದೇ ರೀತಿಯ ಸ್ಮರಣ ಶಿಲೆಯನ್ನು ಇವರು ರೂಪಿಸಿದರು. ದೊಡ್ಡ ಸಮಾಧಿ ಸ್ಥಳಗಳಲ್ಲಿ ಇದನ್ನು ಸ್ಥಾಪಿಸಲಾಯಿತು.

1919ರ ಜುಲೈನಲ್ಲಿ ನಡೆದ ವಿಜಯ ಮೆರವಣಿಗೆಗಾಗಿ ಪ್ರಧಾನಿ ಲಾಯ್ಡ್ ಜಾರ್ಜ್ ಅವರ ಕೋರಿಕೆಯಂತೆ ಲಂಡನ್ನಿನ ವೈಟ್‌ಹಾಲ್ ರಸ್ತೆಯಲ್ಲಿ ಮರ ಮತ್ತು ಗಾರೆಯಿಂದ ಸೆನೊಟಾಫ್ ಎಂಬ ತಾತ್ಕಾಲಿಕ ಸ್ಮಾರಕವನ್ನು ನಿರ್ಮಿಸಲಾಯಿತು. ಜನರು ಅದರ ಬುಡದಲ್ಲಿ ಹೂಗಳನ್ನು ರಾಶಿ ಹಾಕಿದರು. ಮಕ್ಕಳ ಸಮಾಧಿಯನ್ನು ನೋಡಲು ಕಡಲಾಚೆ ಹೋಗಲಾಗದ ತಂದೆತಾಯಿಗಳಿಗೆ ಅದೇ ಸಮಾಧಿಯಾಯಿತು. ಸಾರ್ವಜನಿಕರ ಒತ್ತಾಯದ ಮೇರೆಗೆ ಅದನ್ನು ಕಲ್ಲಿನಲ್ಲಿ ಪುನರ್ನಿರ್ಮಿಸಿ, 1920ರ ನವೆಂಬರ್ 11ರಂದು ಅನಾವರಣಗೊಳಿಸಲಾಯಿತು. ನೋಡಲು ನೇರವೆನಿಸುವ ಅದರ ಲಂಬರೇಖೆಗಳನ್ನು ಮೇಲಕ್ಕೆ ಎಳೆದರೆ ಸುಮಾರು 1000 ಅಡಿ ಎತ್ತರದಲ್ಲಿ ಒಂದನ್ನೊಂದು ಸಂಧಿಸುತ್ತವೆ. ಸಮತಲವೆನಿಸುವ ರೇಖೆಗಳು ನೆಲದಿಂದ ಸುಮಾರು 900 ಅಡಿ ಆಳದಲ್ಲಿ ಕೇಂದ್ರವುಳ್ಳ ವೃತ್ತದ ಭಾಗಗಳು. ಇಷ್ಟು ಸೂಕ್ಷ್ಮವಾಗಿ ಕಣ್ಣಿನ ಲೆಕ್ಕ ಹಾಕಬಲ್ಲವರು ರೈಸಿನಾದ ಇಳಿಜಾರಿನಲ್ಲಿ ಎಡವಿದ್ದು ಸೋಜಿಗವೇ ಸರಿ. ಸೊಮ್ ಕದನದಲ್ಲಿ ದೇಹವೂ ದೊರೆಯದೆ ಹೋದ 72,000ಕ್ಕೂ ಹೆಚ್ಚು ಸೈನಿಕರ ಹೆಸರುಗಳನ್ನು ಕೆತ್ತಿರುವ ಫ್ರಾನ್ಸಿನ ತಿಯೆಪ್ವಾಲ್ ಸ್ಮಾರಕವು 1932ರಲ್ಲಿ ಅನಾವರಣಗೊಂಡಿತು. ಕಮಾನಿನ ಮೇಲೆ ಕಮಾನನ್ನು ಪೇರಿಸಿದ ಈ ರಚನೆಯನ್ನು ಇವರ ಅತ್ಯುತ್ತಮ ಕೃತಿಯೆಂದು ಅನೇಕ ವಿಮರ್ಶಕರು ಪರಿಗಣಿಸಿದ್ದಾರೆ.

1918ರಲ್ಲಿ ಸರ್ ಪದವಿ, 1942ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಇವರಿಗೆ ದೊರೆತವು. 1938ರಿಂದ ಕೊನೆಯವರೆಗೂ ರಾಯಲ್ ಅಕಾಡೆಮಿಯ ಅಧ್ಯಕ್ಷರಾಗಿದ್ದರು.

ಇವರ ಕೊನೆಯ ಮಹತ್ವಾಕಾಂಕ್ಷೆ ಲಿವರ್‌ಪೂಲ್ ನಗರದ ರೋಮನ್ ಕ್ಯಾಥೊಲಿಕ್ ಪ್ರಧಾನ ದೇವಾಲಯ. ಅದರ ಗುಮ್ಮಟದ ವ್ಯಾಸ 168 ಅಡಿಗಳೆಂದು ಯೋಜಿಸಲಾಗಿತ್ತು. ರೋಮ್ ನಗರದ ಸಂತ ಪೀಟರ್ ದೇವಾಲಯದ ಗುಮ್ಮಟಕ್ಕಿಂತಲೂ ಇದು ದೊಡ್ಡದು. 1933ರಲ್ಲಿ ಶಿಲಾನ್ಯಾಸವಾಯಿತು. ದ್ವಿತೀಯ ಮಹಾಯುದ್ಧದ ಕಾರಣ 1941ರಲ್ಲಿ ಕೆಲಸ ಸ್ಥಗಿತಗೊಂಡಿತು. 1944ರ ಜನವರಿ 1ರಂದು ಲುಟ್ಯೆನ್ಸ್ ಅವರು ಶ್ವಾಸಕೋಶದ ಕ್ಯಾನ್ಸರ್‌ನಿಂದ ಲಂಡನ್ನಿನಲ್ಲಿ ನಿಧನ ಹೊಂದಿದರು. ಚಿತಾಭಸ್ಮವನ್ನು ಸಂತ ಪಾಲ್ ದೇವಾಲಯದ ನೆಲಮಾಳಿಗೆಯಲ್ಲಿ ಇರಿಸಲಾಯಿತು. ಯುದ್ಧಾನಂತರ ಲಿವರ್‌ಪೂಲ್ ಯೋಜನೆಯ ವೆಚ್ಚವನ್ನು ಭರಿಸಲು ಸಾಧ್ಯವಾಗದೆ ಅದನ್ನು ಕೈಬಿಡಲಾಯಿತು. ಇವರ ವಿನ್ಯಾಸದಂತೆ ಪೂರ್ಣಗೊಂಡದ್ದು ನೆಲಮಾಳಿಗೆ ಮಾತ್ರ. 1967ರಲ್ಲಿ ಪೂರ್ಣಗೊಂಡ ಈಗಿನ ದೇವಾಲಯವು ಫ್ರೆಡರಿಕ್ ಗಿಬ್ಬರ್ಡ್ ಅವರ ವಿನ್ಯಾಸವಾಗಿದ್ದು, ಲುಟ್ಯೆನ್ಸ್ ಅವರ ಇಟ್ಟಿಗೆಯ ಕಮಾನುಗಳು ಅದರ ನೆಲದ ಕೆಳಗಿವೆ.