ಮನೆಯ ಸಾಮಾನಿಗೆ ಮರ್ಯಾದೆ ತಂದ ಕಮಲಾದೇವಿ



ತೊರಪಲ್ಲಿ ಅಗ್ರಹಾರ ಎಂದರೆ ಎಲ್ಲರಿಗೂ ರಾಜಾಜಿಯವರ ನೆನಪು. 1930ರ ಏಪ್ರಿಲಿನಲ್ಲಿ ಅವರು ತಿರುಚಿನಾಪಳ್ಳಿಯಿಂದ ವೇದಾರಣ್ಯಕ್ಕೆ ಉಪ್ಪಿನ ಸತ್ಯಾಗ್ರಹಕ್ಕಾಗಿ ನಡೆದದ್ದು ನಮ್ಮ ಮಕ್ಕಳಿಗೂ ಗೊತ್ತು. ಅದೇ ದಿನಗಳಲ್ಲಿ ಮುಂಬಯಿಯಲ್ಲಿ ಉಪ್ಪು ಮಾರಿ ಜೈಲಿಗೆ ಹೋದ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ನಾವು ನೆನೆಯುವುದು ಕಡಿಮೆ. ಈ ಸಲ ಅವರ ವಿಷಯ ಬರೆಯುತ್ತಿದ್ದೇವೆ.

ಅವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು. ಎಳೆಯ ವಯಸ್ಸಿನಲ್ಲೇ ಮದುವೆ, ಅಷ್ಟೇ ಬೇಗ ವೈಧವ್ಯ. ಮುಂದೆ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ವರಿಸಿದರು. ಅದೂ ಕೊನೆತನಕ ಉಳಿಯಲಿಲ್ಲ. 1926ರಲ್ಲಿ ಮದರಾಸು ಶಾಸನಸಭೆಗೆ ನಿಂತು ಕೆಲವೇ ಮತಗಳಿಂದ ಸೋತರು. ಚಳವಳಿ, ಸೆರೆಮನೆ, ನಾಟಕ ಇವೆಲ್ಲ ಬೇರೆಯೇ ದೊಡ್ಡ ಕಥೆ.

ನಮಗೆ ಮುಖ್ಯವೆನಿಸಿದ್ದು ಸ್ವಾತಂತ್ರ್ಯದ ನಂತರದ ಕೆಲಸ. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿ, ದೇಶವಿಭಜನೆಯಲ್ಲಿ ಮನೆಮಠ ಕಳೆದುಕೊಂಡವರಿಗೆ ಫರಿದಾಬಾದಿನಲ್ಲಿ ನೆಲೆ ಕೊಡಿಸಲು ದುಡಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾದರು. ಅವರೇನೂ ಕಾಗದದ ಮೇಲೆ ಕುರ್ಚಿ, ಪಾತ್ರೆಗಳ ನಕ್ಷೆ ಬರೆದವರಲ್ಲ. ಆದರೆ ಕುಂಬಾರ, ಕಂಚುಗಾರ, ಬಡಗಿ ಮಾಡಿದ್ದು ಕಾರ್ಖಾನೆಯ ಅಗ್ಗದ ಮಾಲಿನ ಮುಂದೆ ಸೋತುಹೋಗಬಾರದೆಂದು ಅಂಗಡಿ ಹುಡುಕಿದರು, ಪೇಟೆಗೆ ಒಗ್ಗುವ ಮಾದರಿ ತಯಾರಿಸಲು ವಿನ್ಯಾಸ ಕೇಂದ್ರಗಳನ್ನು ತೆರೆಸಿದರು. ಅದರಲ್ಲೊಂದು ಬೆಂಗಳೂರಿನಲ್ಲೇ ಇತ್ತು.

ಅವರು ಕಾಪಾಡಬೇಕೆಂದದ್ದು ಎಂಥ ಕಸುಬು ಎಂದು ತಿಳಿಯಲು ಚನ್ನಪಟ್ಟಣಕ್ಕೆ ಹೋಗಿ ನೋಡಬೇಕು. ಹಾಲೆಮರದ ತುಂಡು ತಿರುಗಣಿಯಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿ ಒತ್ತಿದರೆ ಹೊಳಪು. ಮೈಸೂರಿನಲ್ಲಿ ಬೀಟೆ ಮರದ ಮೇಜು, ಬಾಗಿಲುಗಳಿಗೆ ದಂತ ಕೂರಿಸುತ್ತಿದ್ದರು. ದಂತಕ್ಕೆ ನಿಷೇಧ ಬಂದ ಮೇಲೆ ಬೇರೆ ಸಾಮಗ್ರಿ ಬಂತು, ಕೈ ಮಾತ್ರ ಅದೇ.

ಮಾಡಿದವನ ಹೆಸರು ಹೊರಗೆ ಬರಬೇಕೆಂಬುದು ಅವರ ಹಟ. ಉತ್ತಮ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಶುರುವಾದದ್ದರ ಹಿಂದೆ ಅವರಿದ್ದರು. ಪ್ರಶಸ್ತಿಯಿಂದ ಎಲ್ಲವೂ ಸರಿಹೋಯಿತೆಂದು ನಾವು ಹೇಳುವುದಿಲ್ಲ. ಪ್ರಶಸ್ತಿಪತ್ರ ಗೋಡೆಗೆ ಬಂತು, ಮಗ ಕಾರ್ಖಾನೆಗೆ ಹೋದ. ಹೊಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿತ್ತಾಳೆ ಕೊಳಗ, ಕಂಚಿನ ತಟ್ಟೆಗಳನ್ನು ತೂಕಕ್ಕೆ ಹಾಕಿ ಸ್ಟೀಲು ತಂದವರೂ ನಾವೇ ತಾನೆ!

1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂದವು. 1988ರ ಅಕ್ಟೋಬರ್ 29ರಂದು ತೀರಿಕೊಂಡರು.

ಮುಂದಿನ ತಿಂಗಳ ಸಭೆಗೆ ಬರುವಾಗ ಮನೆಯಲ್ಲಿ ಉಳಿದಿರುವ ಒಂದು ಹಳೆಯ ಸಾಮಾನು ತನ್ನಿ: ಮಣೆ, ಚೊಂಬು, ಮುದ್ದೆ ಕೋಲು, ಯಾವುದಾದರೂ ಸರಿ. ಮಾಡಿದವರ ಹೆಸರು, ಊರು ಗೊತ್ತಿದ್ದರೆ ಚೀಟಿಯಲ್ಲಿ ಬರೆದು ಅಂಟಿಸಿ. ಗೊತ್ತಿಲ್ಲದಿದ್ದರೂ ತನ್ನಿ. ಬಾಗಲೂರು, ತಳಿ ಕಡೆಯ ಹಿರಿಯರು ಯಾರಾದರೂ ನೋಡಿ ಗುರುತು ಹಿಡಿದಾರು.