ಪುಸ್ತಕೋದ್ಯಮಕ್ಕೆ ಇಳಿದ ಬಾಲವಿಧವೆ: ನಂಜನಗೂಡು ತಿರುಮಲಾಂಬ

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಮಹಿಳೆಯೊಬ್ಬರು ಸ್ವಂತ ಹೆಸರಿನಲ್ಲಿ ಉದ್ದಿಮೆ ತೆರೆದರೆ ಇಂದು ಯಾರೂ ಹುಬ್ಬೇರಿಸುವುದಿಲ್ಲ. ಹೆಣ್ಣು ಅಕ್ಷರ ಕಲಿಯುವುದೇ ಅಪರೂಪವಾಗಿದ್ದ ಶತಮಾನದ ಹಿಂದಿನ ಕಾಲದಲ್ಲಿ ಅಂಥ ಸಾಹಸಕ್ಕೆ ಕೈಹಾಕಿದವರು ನಂಜನಗೂಡು ತಿರುಮಲಾಂಬ.

1887ರಲ್ಲಿ ನಂಜನಗೂಡಿನಲ್ಲಿ ಜನಿಸಿದ ಅವರ ವಿವಾಹ 10ನೇ ವಯಸ್ಸಿನಲ್ಲೇ ನೆರವೇರಿತು. 14ನೇ ವಯಸ್ಸಿನಲ್ಲಿ ವೈಧವ್ಯ ಬಂದೆರಗಿತು. ವಿಧವೆಗೆ ಮನೆಯ ಮೂಲೆಯೇ ಗತಿ ಎಂಬ ಕಟ್ಟುಪಾಡಿನ ನಡುವೆ ತಿರುಮಲಾಂಬ ಓದನ್ನು ಆಸರೆಯಾಗಿಸಿಕೊಂಡರು. ವಕೀಲರಾಗಿದ್ದ ತಂದೆ ವೆಂಕಟಕೃಷ್ಣ ಅಯ್ಯಂಗಾರ್ ಮಗಳ ಬೆಂಬಲಕ್ಕೆ ನಿಂತರು.

1913ರಲ್ಲಿ ಅವರು ‘ಸತೀಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿ, ಅದರ ಮೂಲಕ ತಮ್ಮ ಕಾದಂಬರಿ ‘ಸುಶೀಲೆ’ಯನ್ನು ಹೊರತಂದರು. ಬರೆಯುವುದಷ್ಟೇ ಅಲ್ಲ, ಪುಸ್ತಕವನ್ನು ಪ್ರಕಟಿಸಿ ಓದುಗರಿಗೆ ತಲುಪಿಸುವ ಹೊಣೆಯನ್ನೂ ಹೊತ್ತರು. ‘ಸುಶೀಲೆ’ ಹಲವು ಮುದ್ರಣಗಳನ್ನು ಕಂಡಿತು. ಮುಂದೆ ಮಹಿಳೆಯರಿಗಾಗಿ ‘ಕರ್ನಾಟಕ ನಂದಿನಿ’, ಬಳಿಕ ‘ಸನ್ಮಾರ್ಗದರ್ಶಿನಿ’ ಪತ್ರಿಕೆಗಳನ್ನು ನಡೆಸಿದರು. ಕನ್ನಡದ ಮೊದಲ ಪತ್ರಕರ್ತೆ ಹಾಗೂ ಪ್ರಕಾಶಕಿ ಎಂಬ ಮನ್ನಣೆ ಅವರಿಗೆ ಸಲ್ಲುತ್ತದೆ.

ಆದರೆ ಕ್ರಮೇಣ ಅವರ ಲೇಖನಿ ಮೌನವಾಯಿತು. ಕನ್ನಡ ನಾಡು ಅವರನ್ನು ಮರೆತೇಬಿಟ್ಟಿತು. ದಶಕಗಳ ಬಳಿಕ ಡಾ. ಚಿ.ನ. ಮಂಗಳಾ ಅವರು ಮದರಾಸಿನಲ್ಲಿದ್ದ ವೃದ್ಧ ಲೇಖಕಿಯನ್ನು ಹುಡುಕಿ, ಅವರ ಸಾಧನೆಯನ್ನು ಮತ್ತೆ ಬೆಳಕಿಗೆ ತಂದರು. 1982ರಲ್ಲಿ ತಿರುಮಲಾಂಬ ನಿಧನರಾದರು.

ಶಾಲೆಯ ಪದವಿಯಾಗಲಿ, ಹಿಂದೆ ನಡೆದವರ ಹೆಜ್ಜೆಗುರುತಾಗಲಿ ಅವರ ಪಾಲಿಗಿರಲಿಲ್ಲ. ತಮ್ಮ ಮಾತನ್ನು ಅಚ್ಚಿಗೆ ಕಳುಹಿಸಲು ಯಾರ ಅಪ್ಪಣೆಯನ್ನೂ ಕಾಯಬಾರದೆಂಬ ಛಲವೇ ಅವರ ಬಂಡವಾಳವಾಗಿತ್ತು.