ಕುಶಲಕರ್ಮಿಗಳ ಗಣಿತ ಗುರು ಅಬುಲ್ ವಫಾ

ಐ.ಟಿ.ಐ. ಅಥವಾ ಪಾಲಿಟೆಕ್ನಿಕ್ ಸೇರಿದ ಮೇಲೆ, ಕೈಕೆಲಸ ಕಲಿಯುವವರಿಗೆ ಗಣಿತವೇಕೆ ಎಂದು ನೀವು ಒಮ್ಮೆಯಾದರೂ ಕೇಳಿಕೊಂಡಿರಬಹುದು. ಈ ಪ್ರಶ್ನೆಗೆ ಸಾವಿರ ವರ್ಷಗಳ ಹಿಂದೆಯೇ ಉತ್ತರ ಕೊಟ್ಟವರು ಅಬುಲ್ ವಫಾ ಅಲ್ ಬೂಝ್‌ಜಾನಿ.

ಕ್ರಿ.ಶ. 940ರಲ್ಲಿ, ಇಂದಿನ ಇರಾನಿಗೆ ಸೇರಿದ ಖುರಾಸಾನಿನ ಬೂಝ್‌ಜಾನಿನಲ್ಲಿ ಅವರು ಜನಿಸಿದರು. ಮನೆಯ ಹಿರಿಯರಿಂದಲೇ ಲೆಕ್ಕ ಕಲಿತು 959ರಲ್ಲಿ ಬಗ್ದಾದಿಗೆ ಬಂದರು. 997ರ ಒಂದೇ ಚಂದ್ರಗ್ರಹಣವನ್ನು ಅವರು ಬಗ್ದಾದಿನಿಂದಲೂ ಅಲ್ ಬಿರೂನಿ ಖ್ವಾರಝ್ಮಿನ ಕಾಥ್‌ನಿಂದಲೂ ವೀಕ್ಷಿಸಿ, ಸಮಯದ ವ್ಯತ್ಯಾಸದಿಂದ ಎರಡು ನಗರಗಳ ರೇಖಾಂಶದ ಅಂತರವನ್ನು ಲೆಕ್ಕಹಾಕಿದರು.

ಇಷ್ಟು ದೊಡ್ಡ ವಿದ್ವಾಂಸರು ಗುಮಾಸ್ತರಿಗೂ ವ್ಯಾಪಾರಿಗಳಿಗೂ ಬೇಕಾದ ಅಂಕಗಣಿತದ ಗ್ರಂಥ ಬರೆದರು. ಆ ಓದುಗರ ರೂಢಿಗೆ ತಕ್ಕಂತೆ ಅದರಲ್ಲಿ ಸಂಖ್ಯೆಗಳನ್ನು ಅಂಕಿಗಳ ಬದಲು ಅಕ್ಷರಗಳಲ್ಲೇ ಬರೆದರು. ಕುಶಲಕರ್ಮಿಗಳಿಗಾಗಿ ರೇಖಾಗಣಿತದ ಮತ್ತೊಂದು ಗ್ರಂಥವನ್ನೂ ರಚಿಸಿದರು.

ಬಗ್ದಾದಿನಲ್ಲಿ ಕುಶಲಕರ್ಮಿಗಳೂ ಗಣಿತಜ್ಞರೂ ಕೂಡಿ ಕುಳಿತು ಚರ್ಚಿಸುತ್ತಿದ್ದರು. ಸಮನಾದ ಮೂರು ಚೌಕಗಳನ್ನು ಕತ್ತರಿಸಿ ಒಂದೇ ದೊಡ್ಡ ಚೌಕ ಮಾಡುವುದು ಹೇಗೆ ಎಂಬುದು ಅಲ್ಲಿನ ಒಂದು ಸಮಸ್ಯೆ. ಕುಶಲಕರ್ಮಿಗಳ ವಿಧಾನ ಕಣ್ಣಿಗೆ ಸರಿ ಕಂಡರೂ ಲೆಕ್ಕಕ್ಕೆ ತಪ್ಪಾಗಿತ್ತು. ಗಣಿತಜ್ಞರಿಗೋ ಸಾಧನೆ ಗೊತ್ತಿತ್ತು, ಕತ್ತರಿಸಿ ಜೋಡಿಸಲು ಬರುತ್ತಿರಲಿಲ್ಲ. ಅಬುಲ್ ವಫಾ ಇಬ್ಬರ ಕೊರತೆಯನ್ನೂ ಎತ್ತಿ ತೋರಿಸಿದರು.

ಅವರ ವಿಧಾನವನ್ನು ನೀವೂ ರಟ್ಟಿನಲ್ಲಿ ಮಾಡಿ ನೋಡಿ. ಎರಡು ಚೌಕಗಳನ್ನು ಕರ್ಣದಲ್ಲಿ ಕತ್ತರಿಸಿದರೆ ನಾಲ್ಕು ತ್ರಿಕೋನಗಳು ಸಿಗುತ್ತವೆ. ಮೂರನೆಯ ಚೌಕದ ಒಂದೊಂದು ಬದಿಗೂ ಒಂದೊಂದು ತ್ರಿಕೋನದ ಉದ್ದನೆಯ ಬದಿಯನ್ನು ತಾಗಿಸಿ. ಅದರ ಒಂದು ತುದಿ ಚೌಕದ ಮೂಲೆಗೆ ಸೇರಲಿ, ಇನ್ನೊಂದು ಹೊರಚಾಚಲಿ. ನಾಲ್ಕೂ ಒಂದೇ ದಿಕ್ಕಿಗೆ ಸುತ್ತಿರಲಿ. ಲಂಬಕೋನದ ತುದಿಗಳನ್ನು ಸರಳರೇಖೆಗಳಿಂದ ಜೋಡಿಸಿ. ರೇಖೆಯಾಚೆ ಉಳಿದ ತುಂಡುಗಳನ್ನು ಕತ್ತರಿಸಿ ಒಳಗಿನ ಖಾಲಿ ಜಾಗಗಳಲ್ಲಿಟ್ಟರೆ ದೊಡ್ಡ ಚೌಕ ಸಿದ್ಧ. ಚಿಕ್ಕ ಚೌಕದ ಬದಿ 1 ಅಡಿಯಾದರೆ ಇದರ ಬದಿ ಸುಮಾರು 1.73 ಅಡಿ; ವಿಸ್ತೀರ್ಣ 3 ಚದರ ಅಡಿ.

ಸಮಸ್ಯೆಯನ್ನು ಬಿಡಿಸಿ, ಹಂತಗಳನ್ನು ಕ್ರಮವಾಗಿ ಜೋಡಿಸಿ, ಕೊನೆಗೆ ಪರೀಕ್ಷಿಸುವ ಈ ರೀತಿಯೇ ಇಂದು ಕಂಪ್ಯೂಟರ್ ತರಗತಿಯಲ್ಲಿ ನೀವು ಕಲಿಯುವ ಆಲೋಚನಾ ಕ್ರಮ. ಲೇತ್ ಯಂತ್ರದ ಮುಂದೆಯೂ ಟೈಲ್ಸ್ ಕೂರಿಸುವಾಗಲೂ ಅದೇ ಬೇಕು. ಕಣ್ಣಂದಾಜನ್ನು ನಂಬಿದ ಕೈ ಸರಕು ಹಾಳುಮಾಡುತ್ತದೆ. ಕೈಗಿಳಿಯದ ಲೆಕ್ಕ ಪುಸ್ತಕದಲ್ಲೇ ಉಳಿಯುತ್ತದೆ.

998ರಲ್ಲಿ ಅವರು ಬಗ್ದಾದಿನಲ್ಲಿ ನಿಧನರಾದರು. ಚಂದ್ರನ ಮೇಲಿನ ಒಂದು ಕುಳಿಗೆ ಅವರ ಹೆಸರಿದೆ. ನಿಮ್ಮ ವರ್ಕ್‌ಶಾಪಿನಲ್ಲಿ ಅವರ ವಿದ್ಯೆ ಉಳಿಯಲಿ. ಅಲ್ಲಾಹನು ನಮ್ಮ ಕೈಗೆ ಕೌಶಲವನ್ನೂ ಬುದ್ಧಿಗೆ ನಿಖರತೆಯನ್ನೂ ಕರುಣಿಸಲಿ. ಆಮೀನ್.